ಎರಡನೆಯದು ಸಲೀಸು

ಎರಡನೆಯದು ಸಲೀಸು ಎಂದಿದ್ದರು ಎಲ್ಲರೂ.
ಮೀನಿನ ಕಾರ್ಖಾನೆಯಲ್ಲಿ ನನ್ನ ಪಕ್ಕ ನಿಂತು
ಕಾಡ್ ಮೀನು ಸೀಳುವ ಗುದ್ರುನ್,
ಐದು ಹೆತ್ತವಳು, ಚಾಕು ಒರೆಸುತ್ತ ಹೇಳಿದ್ದಳು:
ತುಳಿದ ದಾರಿ, ತೊರ್ದಿಸ್. ಹೂವೆತ್ತಿದ ಹಾಗೆ.

ನಿನ್ನ ಅಕ್ಕ ಉನ್ನಿ ಯಾರಿಗೂ ಕಾಯಲಿಲ್ಲ.
ಸುರಂಗದ ಬಾಯಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ,
ನಿನ್ನಪ್ಪ ಹೋವರ್ ಕೈಗವಸು ಕಳಚುವ ಮೊದಲೇ
ಅವನ ಉಣ್ಣೆಯ ಅಂಗೈಗೆ ಬಿದ್ದಿದ್ದಳು.
ಕಲೆ ಹೋಗಿಲ್ಲ;
ಅದನ್ನೇ ತೊಟ್ಟು ಅಂಗಳದ ಹಿಮ ಸರಿಸುತ್ತಾನೆ.

ನೀನು ಮಾತ್ರ
ಹೇಳಿದ ದಿನದ ಮೇಲೆ ಹನ್ನೆರಡು ದಿನ
ಬಾಡಿಗೆ ಮುಂಗಡ ಕೊಟ್ಟವನ ಹಾಗೆ ಕೂತಿದ್ದೆ.

ಸೋಮವಾರ, ಹಾಮರ್‌ಫೆಸ್ಟಿನ ಆಸ್ಪತ್ರೆ.
ಡಿಸೆಂಬರಿನಲ್ಲಿ ಇಲ್ಲಿ ಸೂರ್ಯನಿಗೆ ರಜೆ.
ನಡುಹಗಲಲ್ಲಿ ಒಂದೆರಡು ತಾಸು ಆಕಾಶ
ಶಾಯಿ ಚೆಲ್ಲಿದ ನೀರಿನಂತೆ ನೀಲಿಯಾಗಿ
ಮತ್ತೆ ಮುಚ್ಚಿಕೊಳ್ಳುತ್ತದೆ.
ಎಷ್ಟು ದಿನವಾಯಿತೆಂದು ಸಾಕ್ಷಿ ಹೇಳಲು
ಯಾರೂ ಇರಲಿಲ್ಲ,
ಕೊಲ್ಲಿಯಾಚೆ ಗ್ಯಾಸ್ ಸ್ಥಾವರದ ತುದಿಯಲ್ಲಿ
ಉರಿಯುವ ಒಂದು ಜ್ವಾಲೆ ಬಿಟ್ಟರೆ.
ಅದಕ್ಕೂ ಹಗಲು ರಾತ್ರಿ ಒಂದೇ.

ಮೊದಲು ಒಂದು ಬಲೂನು.
ಹುಟ್ಟುವ ಮುಂಚೆಯೇ ಹುಟ್ಟುಹಬ್ಬ, ಎಂದು ನಕ್ಕೆ.
ಡಾಕ್ಟರು ನಗಲಿಲ್ಲ. ದಿನಾ ಕೇಳುತ್ತಾರೇನೋ.
ಆಮೇಲೆ ಎರಡು ತಾಸಿಗೊಂದು ಮಾತ್ರೆ,
ಸಾಸಿವೆಗಿಂತ ತುಸು ದೊಡ್ಡದು.
ನುಂಗು, ನಡೆ.
ನಡೆದೆ. ಕಾಫಿ ಯಂತ್ರದಿಂದ ಕಿಟಕಿಗೆ,
ಕಿಟಕಿಯಿಂದ ಕಾಫಿ ಯಂತ್ರಕ್ಕೆ.
ನನ್ನ ನಂತರ ಬಂದವರು ಹೆತ್ತು,
ಮಗುವಿಗೆ ಟೋಪಿ ಹಾಕಿ, ಮನೆಗೆ ಹೋದರು.
ಸೂಲಗಿತ್ತಿ ಬೆರಿತ್ ಪಾಳಿ ಮುಗಿಸಿ,
ನಿದ್ದೆ ಮಾಡಿ, ನಾಯಿ ತಿರುಗಾಡಿಸಿ,
ತಲೆಗೆ ನೀರು ಹಾಕಿಕೊಂಡು ಮರಳಿ ಬಂದು
ಒದ್ದೆ ಕೂದಲಲ್ಲೇ ಕೇಳಿದಳು:
ಇನ್ನೂ ಇದ್ದೀಯಾ?

ಫೋನಿನಲ್ಲಿ ಉನ್ನಿ:
ಅದಕ್ಕೆ ಬಾಗಿಲು ಗೊತ್ತಿಲ್ವಾ ಅಮ್ಮಾ?
ಒಳಗೆ ದೀಪ ಹಾಕು.

ಬುಧವಾರ ರಾತ್ರಿ
ಕ್ರೋಶಾ ಕಡ್ಡಿಯಂಥದರಲ್ಲಿ ನೀರು ಒಡೆದರು.
ಕೈಗೆ ಹನಿ ಕಟ್ಟಿದರು.
ಆ ಯಂತ್ರಕ್ಕೆ ಕರುಣೆಯಿಲ್ಲ, ಕೋಪವೂ ಇಲ್ಲ;
ತಾಸಿಗೆ ಇಷ್ಟು ಎಂದರೆ ಇಷ್ಟು.
ತಾನಾಗಿ ಬರುವ ಬೇನೆ
ದೂರದಿಂದಲೇ ಕೆಮ್ಮಿ, ಮೆಟ್ಟಿಲೇರಿ ಬರುತ್ತದೆ,
ಬಂದ ಕೆಲಸ ಮುಗಿಸಿ ಇಳಿದು ಹೋಗುತ್ತದೆ.
ಕರೆಸಿಕೊಂಡ ಬೇನೆ
ಬೂಟನ್ನೂ ಕಳಚದೆ
ನಡುಮನೆಯಲ್ಲಿ ಬಂದು ನಿಲ್ಲುತ್ತದೆ.

ಏಳು ಸೆಂಟಿಮೀಟರು.
ನಾಲ್ಕು ತಾಸಿನ ಮೇಲೂ ಏಳು.
ನಾನು ಹೇಳಿದೆ: ನಿಲ್ಲಿಸಿ, ಮನೆಗೆ ಹೋಗುತ್ತೇನೆ,
ಹನ್ನೊಂದಕ್ಕೆ ಬಸ್ಸಿದೆ.
ನಿಜಕ್ಕೂ ಬೂಟು ಹುಡುಕಿದೆ.
ಹೋವರ್ ತಂದು ಕೊಟ್ಟೂ ಬಿಟ್ಟ, ಪಾಪ.
ಬೆರಿತ್ ಬೈಯಲಿಲ್ಲ. ಮಂಡಿಯೂರಿ
ನನ್ನ ಊದಿದ ಪಾದಕ್ಕೆ ಒಂದು ಬೂಟು ತೊಡಿಸಿದಳು.
ಸರಿ, ಹೋಗೋಣ. ಬಾಗಿಲ ತನಕ ನಡಿ.

ಬಾಗಿಲು ಆರು ಹೆಜ್ಜೆ,
ಹನಿಯ ಕಂಬ ತಳ್ಳುತ್ತ.
ನಾಲ್ಕನೆಯದರಲ್ಲಿ ನೀನು ತಿರುಗಿದೆ,
ಒಳಗೆಲ್ಲೋ ಭಾರದ ಕಪಾಟು ಸರಿದಂತೆ.

ಆಮೇಲಿನದು ತುಂಡು ತುಂಡು.
ಹಾಸಿಗೆಯ ಅಂಚು. ಬೆರಿತಳ ತೋಳು. ಯಾರದೋ ಕೂಗು;
ನನ್ನದೇ ಎಂದು ತಡವಾಗಿ ಗೊತ್ತಾಯಿತು.
ಸುಡುವ ಒಂದು ಬಳೆ.
ಮತ್ತೆ ನೀನು, ಜಾರಿ, ಬಿಸಿಯಾಗಿ,
ನಿದ್ದೆಗೆಡಿಸಿದವರ ಮೇಲೆ ಹುಬ್ಬು ಗಂಟಿಕ್ಕಿ.
ನಾಲ್ಕು ಕಿಲೋ ಮುನ್ನೂರು.

ಗುರುವಾರ, ಹನ್ನೊಂದು ಇಪ್ಪತ್ತು.
ಕಿಟಕಿ ತನ್ನ ನೀಲಿ ತೆರೆದಿತ್ತಂತೆ. ನಾನು ನೋಡಲಿಲ್ಲ.
ಬಲಗಾಲಲ್ಲಿ ಇನ್ನೂ ಬೂಟಿತ್ತು.

ಸಂಜೆ ಉನ್ನಿ ಬಂದಳು, ಮೂಗು ಕೆಂಪಗೆ.
ನಿನ್ನನ್ನು ಬಹಳ ಹೊತ್ತು ನೋಡಿ
ಇಷ್ಟೇನಾ? ಎಂದಳು.
ಇಷ್ಟಕ್ಕೇ, ಎಂದೆ.
ಆಮೇಲೆ ಅವಳು ನಿನ್ನ ಕಿವಿಯ ಹತ್ತಿರ ಬಗ್ಗಿ
ಗುಟ್ಟಿನಲ್ಲಿ ಏನೋ ಹೇಳಿದಳು.
ಏನೆಂದು ನನಗೆ ಹೇಳಿಲ್ಲ.
ನೀನೂ ಹೇಳಿಲ್ಲ.